‘ಅವಳು ಇವತ್ತು ಬಂದಿಲ್ಲ’ ಅಂದದ್ದು ಯಾಕೆ ತಪ್ಪು: ನಮ್ಮ ಕೌನ್ಸೆಲಿಂಗ್ ಕೇಂದ್ರಕ್ಕೆ ಮಾನ್ಯತೆ ಪಡೆದ ಅನುಭವ

ನಾನು ಒಂದು ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರ ನೋಡಿಕೊಳ್ಳುತ್ತೇನೆ. ಮಾನ್ಯತೆಗೆ ಅರ್ಜಿ ಹಾಕೋಣ ಅಂತ ಹೊರಟಾಗ ಇದೊಂದು ಕಾಗದಪತ್ರದ ಕೆಲಸ ಅಂದುಕೊಂಡಿದ್ದೆ. ನಾಲ್ಕು ಫೈಲ್ ಜೋಡಿಸಿ ಒಂದು ಚೆಂದದ ವರದಿ ಬರೆದರೆ ಮುಗೀತು ಅಂತ. ನಮ್ಮ ಕಾಗದಪತ್ರ ಏನೋ ಚೆನ್ನಾಗಿಯೇ ಇತ್ತು. ದಿನಾ ನಾವು ಮಾಡುತ್ತಿದ್ದದ್ದು ಮಾತ್ರ ಅದರ ಹಾಗೆ ಇರಲಿಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಆಡಳಿತದವರಿಗೆ ಇದನ್ನು ಅರ್ಥ ಮಾಡಿಸೋಕೇ ಮೂರು ಮೀಟಿಂಗ್ ಬೇಕಾಯಿತು. ಕೌನ್ಸೆಲರ್‌ಗಳ ಲೈಸೆನ್ಸ್ ಬೇರೆ, ಕೇಂದ್ರದ ಮಾನ್ಯತೆ ಬೇರೆ. ಎಲ್ಲರ ಲೈಸೆನ್ಸೂ ಸರಿ ಇದ್ದ ಮಾತ್ರಕ್ಕೆ ಕೇಂದ್ರ ಸರಿಯಾಗಿ ನಡೀತಿದೆ ಅಂತಲ್ಲ. ಕಾಲೇಜು, ವಿಶ್ವವಿದ್ಯಾಲಯದ ಕೇಂದ್ರಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಇಂಟರ್‌ನ್ಯಾಷನಲ್ ಅಕ್ರೆಡಿಟೇಷನ್ ಆಫ್ ಕೌನ್ಸೆಲಿಂಗ್ ಸರ್ವಿಸಸ್, ಚಿಕ್ಕದಾಗಿ ಐಎಸಿಎಸ್. ನಾವು ಅದರ ಮಾನದಂಡಗಳನ್ನು ಮುಂದಿಟ್ಟುಕೊಂಡೆವು. ಮೊದಲು ನಮ್ಮ ಬಗ್ಗೆ ನಾವೇ ಬರೆಯುವ ವರದಿ, ಆಮೇಲೆ ಹೊರಗಿನವರು ಬಂದು ನೋಡುವುದು, ಕೊನೆಗೆ ಮಂಡಳಿಯ ತೀರ್ಮಾನ.

ವರದಿ ಬರೆಯೋಕೆ ಕೂತಾಗ ಮೊದಲು ಎಡವಿದ್ದು ಸಂಖ್ಯೆಯಲ್ಲಿ. 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ವೃತ್ತಿಪರರು ಇರಬೇಕು ಅನ್ನುವುದು ಆಗಿನ ಮಾನದಂಡವಾಗಿತ್ತು. ತರಬೇತಿಗೆ ಬಂದವರನ್ನು ಲೆಕ್ಕಕ್ಕೆ ತಗೊಳ್ಳುವ ಹಾಗಿರಲಿಲ್ಲ. ನಾವು ಅವರನ್ನೂ ಸೇರಿಸಿ ಎಣಿಸುತ್ತಿದ್ದೆವು! ಅವರನ್ನು ಬಿಟ್ಟರೆ ಒಬ್ಬರಿಗೆ 2,000 ದಾಟುತ್ತಿತ್ತು. ‘ಹೇಗಾದರೂ ಸೇರಿಸಿ ತೋರಿಸಿಬಿಡಿ’ ಅಂದವರೂ ಇದ್ದರು. ನಾನು ಒಪ್ಪಲಿಲ್ಲ, ಪ್ರಾಮಾಣಿಕತೆ ಅಂತ ದೊಡ್ಡ ಮಾತೇನಲ್ಲ, ಬಂದವರು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತಾರೆ, ಸುಳ್ಳು ಅರ್ಧ ಗಂಟೆಯೂ ನಿಲ್ಲೋದಿಲ್ಲ. ಇದ್ದ ಸಂಖ್ಯೆಯನ್ನೇ ಬರೆದೆ. ಪಕ್ಕದಲ್ಲಿ ಮೊದಲ ಅಪಾಯಿಂಟ್‌ಮೆಂಟಿಗೆ ಎಷ್ಟು ದಿನ ಕಾಯಬೇಕು ಅನ್ನುವ ಪಟ್ಟಿ ಹಾಕಿದೆ. ಆ ಪಟ್ಟಿ ತೋರಿಸಿಯೇ ಒಂದು ಹೊಸ ಹುದ್ದೆ ಮಂಜೂರಾಯಿತು. ವರ್ಷಗಳಿಂದ ಬಾಯಲ್ಲಿ ಕೇಳಿ ಸಿಗದೇ ಇದ್ದದ್ದು.

ಇನ್ನೊಂದು ಲೆಕ್ಕ, ನೇರ ಸೇವೆಯದು. ಕೌನ್ಸೆಲರ್‌ನ ಕೆಲಸದಲ್ಲಿ ಸುಮಾರು 65%ಕ್ಕಿಂತ ಜಾಸ್ತಿ ಸಮಯ ಎದುರಾಎದುರು ಕೂತು ಮಾಡುವ ಕೆಲಸಕ್ಕೇ ಹೋಗಬಾರದು. ನಮ್ಮಲ್ಲಿ 40 ಗಂಟೆಯ ವಾರದಲ್ಲಿ 30 ಗಂಟೆ ಅದೇ ಆಗುತ್ತಿತ್ತು. ಹಾಗಾದರೆ ಟಿಪ್ಪಣಿ ಬರೆಯೋದು ಯಾವಾಗ? ರಾತ್ರಿ, ಮನೆಯಲ್ಲಿ, ನೆನಪಿದ್ದಷ್ಟು. ಈಗ ದಿನಕ್ಕೊಂದು ಗಂಟೆ ಕ್ಯಾಲೆಂಡರಿನಲ್ಲಿ ‘ಬರವಣಿಗೆ’ ಅಂತ ಮುಚ್ಚಿಟ್ಟಿದ್ದೇವೆ.

ಆದರೆ ನನ್ನ ಕಣ್ಣು ತೆರೆಸಿದ್ದು ಮುಂದಿನ ಮೇಜು. ಅಂದರೆ ಸ್ವಾಗತದ ಮೇಜು. ಹೊರಗಿನವರ ಭೇಟಿಗೆ ಎರಡು ವಾರ ಇರುವಾಗ ನಾವೇ ಒಂದು ರಿಹರ್ಸಲ್ ಮಾಡಿದೆವು. ಬೇರೆ ವಿಭಾಗದ ಗೆಳತಿಯೊಬ್ಬರು ತಾಯಿಯ ಹಾಗೆ ಫೋನ್ ಮಾಡಿದರು. ‘ನನ್ನ ಮಗಳು ನಿಮ್ಮಲ್ಲಿಗೆ ಬರ್ತಾಳಲ್ಲ, ಇವತ್ತು ಬಂದಿದ್ದಾಳಾ?’ ನಮ್ಮ ಹುಡುಗಿ ತುಂಬ ವಿನಯದಿಂದ ಹೇಳಿದಳು: ‘ಇಲ್ಲಮ್ಮ, ಅವಳು ಇವತ್ತು ಬಂದಿಲ್ಲ.’

ಅಷ್ಟೇ. ಗುಟ್ಟು ಹೊರಗೆ ಹೋಯಿತು. ಇವತ್ತು ಬಂದಿಲ್ಲ ಅಂದರೆ ಬೇರೆ ದಿನ ಬರ್ತಾಳೆ ಅಂತ ಅಲ್ವಾ? ಗೌಪ್ಯತೆ ಬಗ್ಗೆ ನಮ್ಮ ಕೈಪಿಡಿಯಲ್ಲಿ ಆರು ಪುಟ ಇತ್ತು, ಆ ಹುಡುಗಿಗೆ ಅದನ್ನು ಯಾರೂ ಕೊಟ್ಟೇ ಇರಲಿಲ್ಲ. ತಪ್ಪು ಅವಳದಲ್ಲ, ನನ್ನದು. ಆ ಸಂಜೆ ಒಂದು ಚೀಟಿ ಬರೆದು ಫೋನಿನ ಪಕ್ಕ ಅಂಟಿಸಿದೆವು: ‘ಇಲ್ಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ನಾವು ಯಾರಿಗೂ ಹೇಳುವ ಹಾಗಿಲ್ಲ. ನಿಮಗೆ ಗಾಬರಿಯಾಗಿದ್ದರೆ ನಮ್ಮ ಕೌನ್ಸೆಲರ್ ಜೊತೆ ಮಾತಾಡಿಸುತ್ತೇನೆ.’

ಅದೇ ದಿನ ಇನ್ನೊಂದು ಪರೀಕ್ಷೆ. ಸಹೋದ್ಯೋಗಿಯೊಬ್ಬರು ಒಳಗೆ ಕೂತು ಮಾಮೂಲಿ ದನಿಯಲ್ಲಿ ಮಾತಾಡಿದರು, ನಾನು ಹೊರಗೆ ಕಾಯುವವರ ಕುರ್ಚಿಯಲ್ಲಿ ಕೂತೆ. ಬಾಗಿಲಿನ ಕೆಳಗಿನ ಸಂದಿಯಿಂದ ಪದಪದವೂ ಕೇಳಿಸಿತು. ಹತ್ತು ವರ್ಷ ಆ ಕೋಣೆ ಬಳಸಿದ್ದೆವು, ಒಬ್ಬರೂ ಆ ಕುರ್ಚಿಯಲ್ಲಿ ಕೂತು ನೋಡಿರಲಿಲ್ಲ. ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಹೊರಗೆ ಸದ್ದು ಮುಚ್ಚುವ ಒಂದು ಯಂತ್ರ ಇಟ್ಟೆವು. ಕುರ್ಚಿಗಳನ್ನು ದೂರ ಸರಿಸಿದೆವು, ಅದಕ್ಕೆ ಖರ್ಚೇ ಇಲ್ಲ.

ಭೇಟಿ ಸಲೀಸಾಗಿ ಆಯಿತು. ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ.

ಕಷ್ಟ ಇರುವುದು ಉಳಿಸಿಕೊಳ್ಳುವುದರಲ್ಲಿ. ಮಾನ್ಯತೆ ಬಂದ ಮರುವರ್ಷವೇ ಹಿರಿಯ ಕೌನ್ಸೆಲರ್ ಒಬ್ಬರು ಕೆಲಸ ಬಿಟ್ಟರು. ಅವರ ಸೂಪರ್‌ವಿಷನ್‌ನಲ್ಲಿ, ಅಂದರೆ ಕೆಲಸದ ಮೇಲ್ವಿಚಾರಣೆಯಲ್ಲಿ, ಇದ್ದ ಇಬ್ಬರನ್ನು ನಾನು ತಗೊಂಡೆ. ವಾರವಾರ ಕೂತು ಮಾತಾಡಿದೆವು ನಿಜ, ಎರಡು ತಿಂಗಳು ಒಂದು ಸಾಲೂ ಬರೆಯಲಿಲ್ಲ. ವಾರ್ಷಿಕ ವರದಿ ತಯಾರು ಮಾಡುವಾಗ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಹಿಂದಿನ ತಾರೀಕು ಹಾಕಿ ತುಂಬಿಸಲಿಲ್ಲ, ಆಗಿದ್ದನ್ನು ಆಗಿದ್ದ ಹಾಗೇ ಬರೆದೆ.

ಆಮೇಲಿಂದ ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಹತ್ತು ಫೈಲ್ ತೆಗೆದು ಇಬ್ಬರು ನೋಡುತ್ತೇವೆ. ಒಪ್ಪಿಗೆ ಪತ್ರಕ್ಕೆ ಸಹಿ, ತಾರೀಕು ಎರಡೂ ಇದೆಯಾ? ಪಿಎಚ್‌ಕ್ಯೂ-9 ಅಂದರೆ ಖಿನ್ನತೆ ಎಷ್ಟಿದೆ ಅಂತ ನೋಡುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಅದರ ಒಂಬತ್ತನೇ ಪ್ರಶ್ನೆ ಸಾಯಬೇಕು, ತನಗೇ ಹಾನಿ ಮಾಡಿಕೊಳ್ಳಬೇಕು ಅನ್ನುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಇದ್ದರೆ ಅದೇ ದಿನದ ಟಿಪ್ಪಣಿ ಇರಲೇಬೇಕು. ಒಂದು ಫೈಲಿನಲ್ಲಿ ಉತ್ತರ 1 ಇತ್ತು, ಟಿಪ್ಪಣಿ ಇರಲಿಲ್ಲ. ‘ಕೇಳಿದ್ದೆ ಮೇಡಂ, ಚೆನ್ನಾಗೇ ಮಾತಾಡಿದ್ವಿ, ಬರೆಯೋಕೆ ಆಗಲಿಲ್ಲ’ ಅಂದರು ಆ ಕೌನ್ಸೆಲರ್. ನಂಬಿದೆ. ಆದರೆ ಮುಂದಿನ ವಾರ ಅವರು ರಜೆಯಲ್ಲಿದ್ದು ಆ ವಿದ್ಯಾರ್ಥಿ ಬೇರೆಯವರ ಮುಂದೆ ಬಂದು ಕೂತಿದ್ದರೆ?

ಮಾನ್ಯತೆಯಿಂದ ನೆನೆಸದ ಒಂದು ಲಾಭವೂ ಆಯಿತು. ಜಗಳ ಮಾಡಿದ ಒಬ್ಬ ವಿದ್ಯಾರ್ಥಿಯನ್ನು ಹಾಸ್ಟೆಲಿಗೆ ವಾಪಸ್ ಸೇರಿಸಬಹುದಾ, ನೀವೇ ತೀರ್ಮಾನ ಮಾಡಿ ಅಂತ ಮೇಲಿನವರು ಒತ್ತಾಯ ಮಾಡಿದರು. ಶಿಸ್ತಿನ ತೀರ್ಮಾನ ಕೌನ್ಸೆಲಿಂಗ್ ಕೇಂದ್ರದ ಕೆಲಸವಲ್ಲ ಅಂತ ಮಾನದಂಡದಲ್ಲೇ ಇದೆ. ಆ ಪುಟ ತೋರಿಸಿದೆ. ಮೊದಲಾಗಿದ್ದರೆ ಅದು ನನ್ನ ಹಠ ಅನ್ನಿಸುತ್ತಿತ್ತು.

ಈಗ ಮುಂದಿನ ಮೇಜಿಗೆ ಹೊಸ ಹುಡುಗ ಬಂದಿದ್ದಾನೆ. ಹೋದ ವಾರ ಬೇರೆ ನಂಬರಿನಿಂದ ಫೋನ್ ಮಾಡಿ, ದನಿ ಬದಲಿಸಿ, ನನ್ನ ಮಗ ಬಂದಿದ್ದನಾ ಅಂತ ಅಳುವ ಹಾಗೆ ಕೇಳಿದೆ. ಚೀಟಿಯಲ್ಲಿದ್ದ ಹಾಗೇ ಒಂದಕ್ಷರ ತಪ್ಪದೆ ಹೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದ: ‘ಮೇಡಂ, ನೀವೇ ಅಲ್ವಾ?’