ಒಳಗಿನ ಹಸಿ ಗೋಡೆಗೆ ಎಕ್ಸ್‌ಟೀರಿಯರ್ ಬೇಡ ಅಂದೆ, ಸುಣ್ಣ ಹಚ್ಚಿದೆ

ಎಕ್ಸ್‌ಟೀರಿಯರ್ (ಹೊರಗೋಡೆಯ) ಬಣ್ಣ ಮಳೆ, ಬಿಸಿಲು ಎರಡನ್ನೂ ತಡೆಯುತ್ತದೆ, ಹಾಗಾದರೆ ಒಳಗೂ ಅದನ್ನೇ ಹಚ್ಚಿದರೆ ಇನ್ನೂ ಗಟ್ಟಿ ಅಲ್ವಾ? ಬಾಗಲಕೋಟೆಯಲ್ಲಿ ನನ್ನ ಅರ್ಧಕ್ಕರ್ಧ ಗಿರಾಕಿಗಳು ಕೇಳುವುದು ಇದನ್ನೇ. ಅಂಗಡಿಯವರೂ ಹೂಂ ಅಂತಾರೆ. ಅವರಿಗೇನು, ಒಂದು ಬಕೆಟ್ ಜಾಸ್ತಿ ಹೋಗುತ್ತದೆ. ಒಂದು ಮನೆಯ ಹಸಿ ಗೋಡೆಗೆ ನಾನು ಅದು ಬೇಡ, ಸುಣ್ಣ ಹಚ್ಚೋಣ ಅಂದಾಗ ಜೊತೆಗಿನ ಪೇಂಟರ್‌ಗಳೇ ನಕ್ಕಿದ್ದರು. ಈಗ ಆ ಗೋಡೆ ಎರಡು ಮಳೆಗಾಲ ದಾಟಿ ನೆಟ್ಟಗೆ ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಇರುವುದು ಹಳೇ ಊರಿನಲ್ಲಿ, ಹಿನ್ನೀರಿನ ಕಡೆಗೆ. ಆಲಮಟ್ಟಿ ಅಣೆಕಟ್ಟು ತುಂಬಿ 519.60 ಮೀಟರಿಗೆ ಬಂತೆಂದರೆ ಘಟಪ್ರಭೆಯ ನೀರು ಹಿಂದಕ್ಕೆ ಒತ್ತಿ ಬಂದು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಬುಡದಲ್ಲಿ ಎರೆ ಮಣ್ಣು, ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಹಳೇ ಕಲ್ಲಿನ ಗೋಡೆ, ಅದರ ಮೇಲೆ ಯಾವಾಗಲೋ ಹಾಕಿದ ಸಿಮೆಂಟ್ ಗಿಲಾವು. ಪಡಸಾಲೆಯ ಕೆಳಗಿನ ಮೂರಡಿ ವರ್ಷದ ಬಹುಪಾಲು ಹಸಿ.

ನನಗಿಂತ ಮೊದಲು ಅಲ್ಲಿ ಆಗಿದ್ದನ್ನು ಕೇಳಿ. ಮೊದಲ ಸಲ ಪುಟ್ಟಿ ಹಾಕಿ ಇಂಟೀರಿಯರ್ ಎಮಲ್ಶನ್ (ಒಳಗೋಡೆಗೆ ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ) ಹಚ್ಚಿದ್ದರು, ವರ್ಷದೊಳಗೆ ಪೊರೆ ಪೊರೆಯಾಗಿ ಉದುರಿತು. ಆಮೇಲೆ ಯಾರೋ ಎಕ್ಸ್‌ಟೀರಿಯರ್ ಪ್ರೈಮರ್ ಕೊಟ್ಟು ಅದರ ಮೇಲೆ ಒಳ್ಳೆ ಎಕ್ಸ್‌ಟೀರಿಯರ್ ಹಚ್ಚಿದರು, ಸುಮಾರು ಹದಿನೆಂಟು ಸಾವಿರ ಹೋಯಿತಂತೆ. ದಸರಾ ಹೊತ್ತಿಗೆ ಗೋಡೆ ತುಂಬ ಗುಳ್ಳೆ. ಹೆಬ್ಬೆರಳಿಂದ ಒತ್ತಿದರೆ ನೀರು, ಜೊತೆಗೆ ಬಿಳೀ ಉಪ್ಪು. ಮೂರನೆಯದಾಗಿ ವಾಟರ್‌ಪ್ರೂಫ್ ಕೆಮಿಕಲ್ ಬಂತು. ಕೆಳಗಿನ ಮೂರಡಿ ಒಣಗಿದಂತೆ ಕಂಡಿತು, ಹಸಿ ಮಾತ್ರ ಐದಡಿಗೆ ಏರಿ ಕೂತಿತು. ಏರದೆ ಏನು ಮಾಡೀತು? ಕೆಳಗೆ ಬಾಗಿಲು ಹಾಕಿದರೆ ನೀರು ಮೇಲೆ ದಾರಿ ಹುಡುಕುತ್ತದೆ.

ನನ್ನ ಲೆಕ್ಕ ಸರಳ. ಆ ನೀರನ್ನು ಬಣ್ಣದಿಂದ ತಡೆಯಲು ಆಗುವುದಿಲ್ಲ, ಹೊರಗೆ ಹೋಗಲು ಬಿಡಬೇಕು. ಹಾಗೆ ಬಿಡುವ ಬಣ್ಣ ಸುಣ್ಣ. ಮನೆಯ ಯಜಮಾನರು, "ಏನ್ ಮೇಸ್ತ್ರಿ, ಎಮಲ್ಶನ್ ಕಾಲದಾಗ ಸುಣ್ಣ ಬಳೀತೀರಿ?" ಅಂದರು. "ಈ ವರ್ಷ ನೋಡ್ರಿ ಕಾಕಾ, ಕೆಟ್ಟರ ಕೂಲಿ ಬಿಡ್ತೀನಿ" ಅಂದೆ. ಆಗ ಒಪ್ಪಿದರು.

ಹೆಚ್ಚು ದುಡ್ಡು ತಿಂದದ್ದು ಕೆರೆಯುವ ಕೆಲಸ. ಬಣ್ಣ, ಪ್ರೈಮರ್, ಪುಟ್ಟಿ, ಕೆಮಿಕಲ್ ಎಲ್ಲ ತೆಗೆದು ಗಿಲಾವು ಕಾಣಬೇಕು, ಅದೂ ಹಸಿ ಗೆರೆಗಿಂತ ಒಂದಡಿ ಮೇಲಿನವರೆಗೆ, ಯಾಕೆಂದರೆ ಎಮಲ್ಶನ್ ಮೇಲೆ ಸುಣ್ಣ ಕೂರುವುದಿಲ್ಲ. ಬಡಿದರೆ ಪೊಳ್ಳು ಸದ್ದು ಬಂದ ಕಡೆ ಗಿಲಾವನ್ನೇ ಉದುರಿಸಿ ಸುಣ್ಣದ ಗಾರೆ ಹಾಕಿದೆ. ಉಪ್ಪನ್ನು ಒಣ ಬ್ರಶ್ಶಿನಿಂದ ಉಜ್ಜಿ, ಗುಡಿಸಿ, ಆಚೆ ಚೆಲ್ಲಬೇಕು. ಹುಡುಗರು ನೀರು ಹೊಡೆದು ತೊಳೆಯಲು ಹೋಗುತ್ತಾರೆ, ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಗೋಡೆ ಒಣಗಲಿ ಅಂತ ಏಪ್ರಿಲ್, ಮೇ ಪೂರ್ತಿ ಹಾಗೇ ಬಿಟ್ಟೆ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದಲ್ಲ, ಅದನ್ನು ಸುಮ್ನೆ ಯಾಕೆ ಹಾಳು ಮಾಡಬೇಕು?

ಲೋಕಾಪುರದ ಕಡೆ ಸುಣ್ಣದ ಕಲ್ಲಿಗೆ ಬರ ಇಲ್ಲ. ಸುಟ್ಟ ಸುಣ್ಣ ತಂದು, ಡ್ರಮ್ಮಿನಲ್ಲಿ ಅರಳಿಸಿ, ಹದಿನೈದು ದಿನಕ್ಕಿಂತ ಹೆಚ್ಚು ನೆನೆಸಿಟ್ಟು ಬಟ್ಟೆಯಲ್ಲಿ ಸೋಸಿದೆ. ನಲ್ಲಿ ನೀರು ಬಳಸಿ, ಬೋರಿನ ಸವಳು ನೀರು ಮುಟ್ಟಬೇಡಿ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ, ಮಜ್ಜಿಗೆಯಷ್ಟು ತೆಳುವಾಗಿ ನಾಲ್ಕು ಕೈ. ದಪ್ಪಗೆ ಎರಡು ಕೈ ಎಳೆದು ಮುಗಿಸಿದರೆ ಸಿಪ್ಪೆ ಏಳುತ್ತದೆ. ಬಟ್ಟೆಗೆ ಹತ್ತದ ಹಾಗೆ ಅದರಲ್ಲಿ ಎರಡು ಸಾಮಾನು ಹಾಕುತ್ತೇನೆ. ಏನು ಅಂತ ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಯೂ ನಡೆಯಬೇಕು. ಉಪ್ಪಂತೂ ಅಲ್ಲ, ಮೊದಲೇ ಉಪ್ಪು ತಿಂದ ಗೋಡೆ ಅದು. ಸುಣ್ಣದ ಮೇಲಿನ ಭಾಗಕ್ಕೆ ಸಾದಾ ಇಂಟೀರಿಯರ್ ಎಮಲ್ಶನ್, ನಡುವೆ ಕೆಮ್ಮಣ್ಣಿನ ಬಣ್ಣದ ಒಂದು ಪಟ್ಟಿ. ಮನೆಯ ಅಕ್ಕಾರಿಗೆ ಆ ಪಟ್ಟಿಯೇ ಹಿಡಿಸಿತು.

ಖರ್ಚು ನೆನಪಿದ್ದಷ್ಟು: ಕೆರೆಯಲು, ಗಾರೆ ಹಾಕಲು ಕೂಲಿ ಏಳೆಂಟು ಸಾವಿರ, ಸುಣ್ಣ ಮತ್ತು ಮರಳು ಸಾವಿರದ ಐದುನೂರರ ಆಸುಪಾಸು, ಎಮಲ್ಶನ್ ಮೂರು ಸಾವಿರ. ಹದಿಮೂರರೊಳಗೆ ಮುಗಿಯಿತು.

ಹೊರಗಿನ ಗೋಡೆಗೆ ಮಾತ್ರ ಎಕ್ಸ್‌ಟೀರಿಯರ್ರೇ, ಅದರಲ್ಲಿ ಜಿಪುಣತನ ಬೇಡ. ಪಡುವಣ ಗೋಡೆ ಮಧ್ಯಾಹ್ನವೆಲ್ಲ ಕಾದು ರಾತ್ರಿ ತಣಿಯುತ್ತದೆ, ಅದರ ಜೊತೆ ಹಿಗ್ಗಿ ಕುಗ್ಗುವ ಪದರ ಬೇಕು. ಇಂಟೀರಿಯರ್ ಪದರ ಬಿರುಸು. ಇದನ್ನು ನಂಬದವರಿಗಾಗಿ ನನ್ನ ಮನೆಯ ಕಂಪೌಂಡಿಗೆ ಉಳಿದ ಡಬ್ಬಿಗಳಿಂದ ಪಟ್ಟಿ ಪಟ್ಟಿಯಾಗಿ ಹಚ್ಚಿಟ್ಟಿದ್ದೆ. ಎರಡನೇ ಬೇಸಿಗೆಗೆ ಇಂಟೀರಿಯರ್ ಪಟ್ಟಿ ಉಜ್ಜಿದರೆ ಅಂಗೈ ತುಂಬ ಪುಡಿ. ಬಡಗಣ ಮುಖದಲ್ಲಿ ಅದೇ ಬಣ್ಣ ಮಳೆಗೆ ಕಪ್ಪಾಗಿ ಪಾಚಿ ಹಿಡಿಯಿತು. ಎಕ್ಸ್‌ಟೀರಿಯರ್ ಪಟ್ಟಿ ಸ್ವಲ್ಪ ಮಂಕಾಗಿದೆ, ಅಷ್ಟೇ.

ಆ ಪಾಚಿ ತಡೆಯುವ ಔಷಧಿ ಎಕ್ಸ್‌ಟೀರಿಯರ್ ಡಬ್ಬಿಯಲ್ಲಿ ಜಾಸ್ತಿ ಇರುತ್ತದೆ, ಅದಕ್ಕೇ ಮುಚ್ಚಿದ ಕೋಣೆಗೆ ಬೇಡ ಅನ್ನುವುದು. ನವನಗರದಲ್ಲಿ ಒಬ್ಬರು ಹಟ ಹಿಡಿದು ಮಲಗುವ ಕೋಣೆಗೆ ಹಚ್ಚಿಸಿದರು, ವಾಸನೆಗೆ ವಾರಗಟ್ಟಲೆ ಪಡಸಾಲೆಯಲ್ಲೇ ಮಲಗಿದರು. ಅಡುಗೆಮನೆಗೂ ಅದು ಬೇಡ, ಅದರ ಪದರ ಮೆತ್ತಗೆ. ಒಗ್ಗರಣೆಯ ಎಣ್ಣೆ ಕಲೆ ಒರೆಸಿದರೆ ಆ ಜಾಗ ಮಿಂಚತೊಡಗುತ್ತದೆ. ಅಲ್ಲಿಗೆ ತೊಳೆಯಬಹುದಾದ ಇಂಟೀರಿಯರ್ ಸರಿ. ಇನ್ನು ಜಗಲಿಯ ಗೋಡೆ ಚಾವಣಿ ಕೆಳಗಿದ್ದರೂ ಇರಚಲು ಹೊಡೆದರೆ ನನ್ನ ಲೆಕ್ಕದಲ್ಲಿ ಅದು ಹೊರಗಿನ ಗೋಡೆ.

ಉಳಿದ ಸುಣ್ಣವನ್ನು ಮಾಳಿಗೆ ಮೇಲೆ ಎರಡು ಕೈ ಎಳೆದೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಬಹುದು, ಕೆಳಗಿನ ಕೋಣೆಯ ಸೆಕೆ ಒಂದಿಷ್ಟು ಇಳಿದಿದೆ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ಮಾರ್ಚಿಗೆ ಮತ್ತೆ ಹಚ್ಚಬೇಕು.

ಪಡಸಾಲೆಯಲ್ಲಿ ಉಪ್ಪು ಈಗಲೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಮೂಲೆಯಲ್ಲಿ ಬೆಳ್ಳಗೆ ಪುಡಿ ಕಂಡರೆ ಅಕ್ಕಾರೇ ಪೊರಕೆಯಿಂದ ಗುಡಿಸುತ್ತಾರೆ, ದಸರಾಕ್ಕೆ ಒಂದು ಕೈ ಸುಣ್ಣ, ಮುನ್ನೂರು ರೂಪಾಯಿ ಸಾಮಾನು. ಗುಳ್ಳೆ ಮಾತ್ರ ಒಂದೂ ಎದ್ದಿಲ್ಲ. ನಡುಮನೆಗೂ ಹೀಗೇ ಮಾಡಿ ಅಂತ ಕಾಕಾ ಈಗ ಬೆನ್ನು ಹತ್ತಿದ್ದಾರೆ, ಹಿನ್ನೀರು ಇಳಿಯಲಿ, ಏಪ್ರಿಲ್‌ನಲ್ಲಿ ಕೆರೆಯಲು ಶುರು ಮಾಡೋಣ ಅಂದಿದ್ದೇನೆ.