ಕತ್ತಲಲ್ಲೂ ಕೈಗೆ ತಿಳಿಯುವ ಸ್ಟಾರ್ಟರ್ ಪೆಟ್ಟಿಗೆ: ನನ್ನ ಅನುಭವ

ಜಮಖಂಡಿಯಲ್ಲಿ ಪಂಪ್‌ಸೆಟ್ ಪ್ಯಾನೆಲ್, ಅಂದರೆ ಮೋಟಾರ್ ಚಾಲೂ-ಬಂದ್ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಕಟ್ಟಲು ಶುರು ಮಾಡಿ 15 ವರ್ಷದ ಮೇಲಾಯಿತು. ಮೂರು ಫೇಸಿಗೆ ಮೂರು ದೀಪ, ಎರಡು ಮೀಟರ್, ಆಟೋ ಸ್ವಿಚ್, ಬೈಪಾಸ್ ಸ್ವಿಚ್, ಎರಡು ಬಟನ್. ಎಲ್ಲರೂ ಕಟ್ಟೋದು ಇದನ್ನೇ. ಇದರಲ್ಲಿ ಅರ್ಧ ಕಿತ್ತುಹಾಕಿ ಮಾರ್ತೀನಿ ಅಂದಾಗ ಅಂಗಡಿಯವರು ನಕ್ಕರು. "ದೀಪ ಜಾಸ್ತಿ ಇದ್ರ ರೇಟ್ ಜಾಸ್ತಿ ಹೇಳಬಹುದ್ರೀ. ಖಾಲಿ ಡಬ್ಬಿ ಯಾರ್ ತಗೋತಾರ?" ಈಗ ಅದೇ ಅಂಗಡಿಯಿಂದ ತಿಂಗಳಿಗೆ 8-10 ಪೆಟ್ಟಿಗೆಗೆ ಆರ್ಡರ್ ಬರುತ್ತದೆ.

ರಿಪೇರಿಗೆ ಬರುತ್ತಿದ್ದ ಪೆಟ್ಟಿಗೆ ನೋಡಿ ನೋಡಿ ಈ ಕೆಲಸಕ್ಕೆ ಇಳಿದೆ. ಫೇಸ್ ಹೋದರೆ, ವೋಲ್ಟೇಜ್ ಏರುಪೇರಾದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಚೆನ್ನಾಗಿರುತ್ತದೆ, ಅದನ್ನು ತಪ್ಪಿಸಿ ಮೋಟಾರ್ ಓಡಿಸುವ ಬೈಪಾಸ್ ಮಾತ್ರ ಆನ್. ಹೇಗೆ ಅಂದರೆ, ಕಬ್ಬಿಗೆ ನೀರು ಬಿಡಲು ರಾತ್ರಿ ಎರಡಕ್ಕೆ ಕರೆಂಟು. ವೋಲ್ಟೇಜ್ ಏರುಪೇರಾಗಿ ಪ್ರಿವೆಂಟರ್ ಟ್ರಿಪ್ ಆಗಿದೆ. ರೈತ ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಕಂಡ ಸ್ವಿಚ್ಚನ್ನೆಲ್ಲ ತಿರುವುತ್ತಾನೆ. ಯಾವುದೋ ಒಂದಕ್ಕೆ ಮೋಟಾರ್ ಹತ್ತುತ್ತದೆ. ಯಾವುದಕ್ಕೆ ಅಂತ ಅವನಿಗೂ ಗೊತ್ತಿಲ್ಲ. ಮುಂದೆ ಒಂದಿನ ಒಂದು ಫೇಸ್ ಹೋದರೆ ಮೋಟಾರ್ ಸುಟ್ಟು ಕಥೆ ಮುಗಿಯಿತು. 5 ಎಚ್‌ಪಿ ಸಬ್‌ಮರ್ಸಿಬಲ್ ರಿವೈಂಡಿಂಗ್‌ಗೆ ಆಗ 5-6 ಸಾವಿರ, ಎತ್ತಿ ಇಳಿಸಲು ಮತ್ತೆ 3 ಸಾವಿರದ ಮೇಲೆ. ಬೈಗುಳ ಮಾತ್ರ ಪ್ಯಾನೆಲ್ ಕಟ್ಟಿದವನಿಗೆ.

ಮೊದಲು ಕನ್ನಡದಲ್ಲಿ ದಪ್ಪ ಅಕ್ಷರದ ಸ್ಟಿಕ್ಕರ್ ಹಚ್ಚಿಸಿದೆ. ಒಂದು ಮಳೆಗಾಲಕ್ಕೆ ಎದ್ದುಹೋದವು, ಅದಕ್ಕೂ ಮೊದಲು ಯಾರೂ ಓದಲಿಲ್ಲ. ಆಮೇಲೆ ಒಂದೊಂದು ನಾಬ್‌ಗೆ ಒಂದೊಂದು ಬಣ್ಣ. ಹೊಲದ ಧೂಳು ಕೂತ ಮೇಲೆ ಎಲ್ಲಾ ಒಂದೇ. ಬೈಪಾಸ್ ಆನ್ ಇದ್ದರೆ ಕೂಗುವ ಬಜರ್ ಹಾಕಿದೆ. ಒಬ್ಬರು ನಿದ್ದೆಗೆಟ್ಟು ವೈರ್ ಕತ್ತರಿಸಿದರು, ಇನ್ನೊಬ್ಬರು ಬಟ್ಟೆ ತುರುಕಿದರು. ಇಷ್ಟಕ್ಕೇ ಹತ್ತಿರ ಹತ್ತಿರ 20 ಸಾವಿರ ಹೋಯಿತು.

ದಾರಿ ತೋರಿಸಿದವನು ಇಂಜಿನಿಯರಿಂಗ್ ಓದುತ್ತಿದ್ದ ತಮ್ಮನ ಮಗ. ಎರಡನೇ ಮಹಾಯುದ್ಧದ ಬಿ-17 ವಿಮಾನದಲ್ಲಿ ಚಕ್ರದ ಸ್ವಿಚ್ಚು, ರೆಕ್ಕೆಯ ಫ್ಲಾಪ್ ಸ್ವಿಚ್ಚು ಅಕ್ಕಪಕ್ಕ, ನೋಡಲು ಒಂದೇ ಥರ. ನೆಲಕ್ಕಿಳಿದ ಮೇಲೆ ಫ್ಲಾಪ್ ಮಡಚಲು ಹೋಗಿ ಪೈಲಟ್‌ಗಳು ಚಕ್ರ ಮಡಚಿಬಿಡುತ್ತಿದ್ದರಂತೆ. ಅಲ್ಫೋನ್ಸ್ ಚಪಾನಿಸ್ ಎನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಚಕ್ರದ ಹಿಡಿಗೆ ಚಕ್ರದ ಆಕಾರ, ಫ್ಲಾಪಿನ ಹಿಡಿಗೆ ಬೆಣೆಯ ಆಕಾರ ಕೊಡಿಸಿದರು. ಕಣ್ಣು ಬೇರೆ ಕಡೆ ಇದ್ದರೂ ಕೈಗೆ ತಿಳಿಯಬೇಕು, ಅಷ್ಟೇ ಅಲ್ವಾ?

ನಾನೂ ಅಕ್ಷರ, ಬಣ್ಣ ಬಿಟ್ಟೆ. ಸ್ಟಾಪ್ ಅಂಗೈ ಬಡಿದರೆ ಸಿಗುವ ಅಣಬೆ ಆಕಾರದ ದೊಡ್ಡ ಬಟನ್. ಸ್ಟಾರ್ಟ್ ಒಂದು ಬೆರಳಷ್ಟೇ ಹೋಗುವ ಹಾಗೆ ತಗ್ಗಿನಲ್ಲಿ. ಆಟೋಗೆ ಉದ್ದ ಹಿಡಿ; ಮೇಲಿದ್ದರೆ ಕರೆಂಟು ಬಂದಾಗ ಮೋಟಾರ್ ತಾನೇ ಹತ್ತುತ್ತದೆ, ಕೆಳಗಿದ್ದರೆ ನಾವು ಒತ್ತಬೇಕು. ಲೋಡ್ ಮಿತಿ ಹೊಂದಿಸುವ ಓವರ್‌ಲೋಡ್ ಡಯಲ್ ಒಳಬಾಗಿಲ ಹಿಂದೆ, ಬೈಪಾಸ್ ಹೊರಗೆ ಇಲ್ಲವೇ ಇಲ್ಲ. ತುರ್ತಿಗೆ ಬೈಪಾಸ್ ಮಾಡಿದರೂ ಮುಂದಿನ ಸಲ ಕರೆಂಟು ಹೋಗಿ ಬಂದಾಗ ತಾನೇ ಬಿಟ್ಟುಕೊಳ್ಳುತ್ತದೆ. ಆ ವೈರಿಂಗ್ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಆಂಪಿಯರ್ ಮೀಟರ್ ಉಳಿಸಿಕೊಂಡೆ, ಆದರೆ ಅಂಕಿ ಯಾರಿಗೆ ಬೇಕು? ಮೋಟಾರ್ ಓಡಿಸಿ, ಮುಳ್ಳು ನಿಲ್ಲುವ ಜಾಗಕ್ಕೆ ಹಸಿರು ಪಟ್ಟಿ ಬಳಿಯುತ್ತೇನೆ. ಮುಳ್ಳು ಹಸಿರು ದಾಟಿ ಮೇಲೆ ಹೋದರೆ ಲೋಡ್ ಜಾಸ್ತಿ, ಹಸಿರಿಗಿಂತ ಕೆಳಗಿದ್ದರೆ ಬೋರಿನಲ್ಲಿ ನೀರಿಲ್ಲ. ಮೊದಮೊದಲು ಮನೆಯಲ್ಲಿದ್ದ ಹಸಿರು ನೇಲ್ ಪಾಲಿಶನ್ನೇ ಗಾಜಿನ ಮೇಲೆ ಹಚ್ಚಿದೆ. ಓರೆಯಾಗಿ ನಿಂತು ನೋಡಿದವರಿಗೆ ಮುಳ್ಳು ಪಟ್ಟಿಯ ಆಚೆ ಕಾಣುತ್ತಿತ್ತು. ಈಗ ಗಾಜು ಬಿಚ್ಚಿ ಒಳಗಿನ ಡಯಲ್ ಮೇಲೇ ಎನಾಮೆಲ್ ಬಳಿಯುತ್ತೇನೆ. ಪಟ್ಟಿ ಎಷ್ಟು ಅಗಲ ಅನ್ನೋದು ನನ್ನ ಲೆಕ್ಕ.

ಪರೀಕ್ಷೆಗೆ ಖರ್ಚಿಲ್ಲ. ಸಪ್ಲೈ ಕಿತ್ತಿಟ್ಟು, ಶಟರ್ ಎಳೆದು, ಲೈಟ್ ಆರಿಸಿ, ಬಂದವರ ಕೈ ಒದ್ದೆ ಮಾಡಿ "ಬಂದ್ ಮಾಡ್ರಿ" ಅನ್ನೋದು. ಏನೂ ಹೇಳಿಕೊಡಬಾರದು. "ಯಾವುದು ಒತ್ತಲೀ ಅಣ್ಣಾ?" ಅಂತ ಬಾಯಿ ಬಿಟ್ಟರೆ ಆ ಡಿಸೈನ್ ಫೇಲ್. ಎಲೆಕ್ಟ್ರಿಷಿಯನ್‌ಗಳನ್ನು ಕರೆಯಬೇಡಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ. ಹಾಲು ಹಾಕುವ ಅಜ್ಜಿ ನನಗೆ ಒಳ್ಳೆ ಟೆಸ್ಟರ್.

ಬಾವಿಗೊಂದು, ಬೋರಿಗೊಂದು ಎರಡು ಮೋಟಾರ್ ಇರುವ ಕಡೆ ಇನ್ನೊಂದು ಗೊಂದಲ. ಒಂದರ ಕೆಳಗೊಂದು ಬಟನ್ ಇಟ್ಟರೆ ಯಾವುದು ಯಾವುದರದು ಅಂತ ಪ್ರತಿ ಸಲ ನೆನಪು ಮಾಡಿಕೊಳ್ಳಬೇಕು. ಈಗ ಮೊದಲೇ ಹೊಲಕ್ಕೆ ಹೋಗಿ ನೋಡಿ ಬರುತ್ತೇನೆ. ಪೆಟ್ಟಿಗೆ ಮುಂದೆ ನಿಂತಾಗ ಬಾವಿ ಎಡಕ್ಕಿದ್ದರೆ ಅದರ ಬಟನ್ನೂ ಎಡಕ್ಕೆ. ಇದೇ ಹುಚ್ಚಿನಲ್ಲಿ ಮನೆಯ ನಾಲ್ಕು ಬರ್ನರ್ ಒಲೆಯ ಜೋಡಣೆ ಬದಲಿಸಬೇಕು ಅಂತಲೂ ಹೊರಟಿದ್ದೆ. ಮುಂದೆ ಸಾಲಾಗಿ ನಾಲ್ಕು ನಾಬ್, ಹಿಂದಿನ ಬರ್ನರ್ ಯಾವುದರದು ಅಂತ ಇವತ್ತಿಗೂ ಬಗ್ಗಿ ನೋಡಬೇಕು. ನಮ್ಮ ಮನೆಯಾಕೆ "ಗ್ಯಾಸಿನ ತಂಟಿಗೆ ಬಂದ್ರ ನೋಡ್ರಿ" ಅಂದಳು, ಬಿಟ್ಟೆ.

ಡಬ್ಬಿ ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸುತ್ತೇನೆ. ಸ್ಟಾರ್ಟ್ ಬಟನ್ನಿನ ತಗ್ಗು ಒತ್ತುವ ಅಚ್ಚಿಗೆ 12 ಸಾವಿರದ ಆಸುಪಾಸು ಬಿತ್ತು, ಅದು ಮಾತ್ರ ನೋವು. ದೀಪ, ವೋಲ್ಟ್‌ಮೀಟರ್ ಕಿತ್ತುಹಾಕಿದ್ದರಿಂದ ಪೆಟ್ಟಿಗೆಗೆ ನನ್ನ ಖರ್ಚು 400-500 ಕಡಿಮೆ ಆಗುತ್ತದೆ. ರೇಟ್ ಕಡಿಮೆ ಮಾಡಿಲ್ಲ, ಯಾರೂ ಕೇಳಿಯೂ ಇಲ್ಲ. ಈಗ ಎಲ್ಲರೂ ಮೊಬೈಲ್ ಸ್ಟಾರ್ಟರ್ ಕೇಳುತ್ತಿದ್ದಾರೆ. ಫೋನ್ ಮಾಡಿದರೆ "ಚಾಲೂ ಮಾಡಲು ಒಂದು ಒತ್ತಿ" ಅಂತ ಪುರಾಣ ಶುರುವಾಗುತ್ತದೆ. ಮಿಸ್ ಕಾಲ್ ಕೊಟ್ಟರೆ ಬಂದ್ ಆಗಬೇಕು, ಅಷ್ಟನ್ನು ಮಾಡಲು ಹೊರಟಿದ್ದೇನೆ. ಸದ್ಯಕ್ಕೆ ಲೋನಿನವರ ಫೋನ್ ಬಂದಾಗಲೂ ಮೋಟಾರ್ ನಿಲ್ಲುತ್ತಿದೆ.