ಬಿ.ಇ. ಇಟ್ಕೊಂಡು ಎಂ.ಎಸ್.ಎನ್. ಸೇರಿದ್ದು: ನನ್ನ ಅನುಭವ

ಬಿ.ಎಸ್ಸಿ. ನರ್ಸಿಂಗ್ ಇಲ್ಲದೆ ಅಮೆರಿಕದಲ್ಲಿ ಎಂ.ಎಸ್.ಎನ್. (ನರ್ಸಿಂಗ್‌ನ ಮಾಸ್ಟರ್ಸ್ ಡಿಗ್ರಿ) ಸೇರೋಕೆ ಆಗೋದೇ ಇಲ್ಲ ಅಂತ ನಮ್ಮ ಕನ್ನಡ ಕೂಟದವರೇ ಹೇಳಿದ್ದರು. "ಕಂಪ್ಯೂಟರ್ ಸೈನ್ಸ್ ಓದಿ ಬೆಡ್‌ಪ್ಯಾನ್ ಎತ್ತುತ್ತೀಯೇನಮ್ಮಾ?" ಅಂದರು ಅತ್ತೆ. ಈಗ ನಾನು ಕ್ಯಾಲಿಫೋರ್ನಿಯಾದಲ್ಲಿ ಆರ್.ಎನ್., ಅಂದರೆ ರಿಜಿಸ್ಟರ್ಡ್ ನರ್ಸ್. ನರ್ಸ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಮೊದಲ ಸಲಕ್ಕೇ ಪಾಸು, ಅದೂ ಕನಿಷ್ಠ ಸಂಖ್ಯೆಯಾದ 85ನೇ ಪ್ರಶ್ನೆಗೇ ಪರೀಕ್ಷೆ ನಿಂತಿತು.

ನರ್ಸಿಂಗ್ ಓದದವರಿಗೂ ಡೈರೆಕ್ಟ್ ಎಂಟ್ರಿ ಎಂ.ಎಸ್.ಎನ್. ಅಂತ ಇದೆ, ಅದಕ್ಕೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ತಲೆನೋವೆಲ್ಲ ಪ್ರಿರಿಕ್ವಿಸಿಟ್‌ಗಳದ್ದು, ಅಂದರೆ ಸೇರುವ ಮೊದಲೇ ಮುಗಿಸಿರಬೇಕಾದ ಅನಾಟಮಿ, ಮೈಕ್ರೋಬಯಾಲಜಿಯಂಥ ವಿಷಯಗಳದ್ದು. ಮೊದಲ ವರ್ಷ ನಾಲ್ಕೈದು ಕಡೆ ಅರ್ಜಿ ಹಾಕಿದೆ, ಎಲ್ಲ ಕಡೆಯಿಂದಲೂ 'ಇಲ್ಲ'. ಒಂದೊಂದಕ್ಕೆ 70-80 ಡಾಲರ್ ಹೋಯಿತು, ನಮ್ಮ ಡಿಗ್ರಿ ಅಮೆರಿಕದ ಲೆಕ್ಕದಲ್ಲಿ ಎಷ್ಟಕ್ಕೆ ಸಮ ಅಂತ ಹೇಳುವ ವೆಸ್ ವರದಿಗೆ ಹತ್ತಿರ ಹತ್ತಿರ 200 ಬೇರೆ. ಒಂದು ಕಾಲೇಜಿನವರು ನನ್ನ ಸ್ಟಾಟಿಸ್ಟಿಕ್ಸ್ ಏಳು ವರ್ಷಕ್ಕಿಂತ ಹಳೆಯದು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ.

ಆಮೇಲೆ ಎಲ್ಲವನ್ನೂ ಕಮ್ಯುನಿಟಿ ಕಾಲೇಜಿನಲ್ಲಿ ಹೊಸದಾಗಿ ಮಾಡಿದೆ. ಯೂನಿಟ್‌ಗೆ 46 ಡಾಲರ್ ಅಷ್ಟೇ. ನನ್ನ ಹಾಗೆ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿಗೆ ಕೊಡುವ ವೀಸಾ) ಇದ್ದರೂ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದ್ದು ತೋರಿಸಿದರೆ ಈ ರೆಸಿಡೆಂಟ್ ದರ ಸಿಗುತ್ತದೆ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಸಿಗೋದಿಲ್ಲ. ಅನಾಟಮಿ ಸೀಟು ತುಂಬಿದ್ದರೂ ವೇಟ್‌ಲಿಸ್ಟ್ ಹಾಕಿ ಮೊದಲ ದಿನ ಕ್ಲಾಸಿಗೆ ಹೋಗಿ ಕೂತುಕೊಳ್ಳಿ. ಯಾರಾದರೂ ಬರದೇ ಇದ್ದೇ ಇರುತ್ತಾರೆ, ಆ ಸೀಟಿಗೆ ಸೇರಿಕೊಳ್ಳೋಕೆ ಮೇಷ್ಟ್ರು ಆ್ಯಡ್ ಕೋಡ್ ಕೊಡುತ್ತಾರೆ. ಪುಸ್ತಕ, ಟೀಸ್ ಅನ್ನೋ ಪ್ರವೇಶ ಪರೀಕ್ಷೆ ಎಲ್ಲ ಸೇರಿ ಎರಡೂವರೆ ಸಾವಿರ ಡಾಲರ್ ಆಗಿರಬೇಕು.

ಮೈಕ್ರೋಬಯಾಲಜಿಯನ್ನು ಮೊದಲು ಮನೆಗೇ ಕಿಟ್ ಬರುವ ಆನ್‌ಲೈನ್ ಲ್ಯಾಬ್‌ನಲ್ಲಿ ಮಾಡಿ ನೋಡಿದೆ. ಒಂದೆರಡು ಕಾಲೇಜು ಒಪ್ಪಿದವು, ಮಿಕ್ಕವು ಒಪ್ಪಲಿಲ್ಲ. ಆದರೆ ಆ ಅಗಾರ್ ಪ್ಲೇಟಿನ ಮೇಲೆ ಮನೆ ಮೊಸರು, ಹುದುಗು ಬಂದ ಇಡ್ಲಿ ಹಿಟ್ಟು ಎರಡನ್ನೂ ಎಳೆದು ಬೆಳೆಸಿದೆ ನೋಡಿ, ಬಣ್ಣ ಹಾಕಿ ಬ್ಯಾಕ್ಟೀರಿಯಾ ಗುರುತಿಸುವ ಗ್ರಾಮ್ ಸ್ಟೇನ್ ನನಗೆ ತಲೆಗೆ ಹತ್ತಿದ್ದೇ ಅಲ್ಲಿ. ಆಮೇಲೆ ಕಾಲೇಜಿನಲ್ಲಿ ಮತ್ತೆ ಮಾಡಿದಾಗ 'ಎ' ಸುಲಭವಾಗಿ ಬಂತು.

ಗಾಳಿ ತಿರುಗಿದ್ದು ಸಿ.ಎನ್.ಎ. (ನರ್ಸ್‌ಗಳ ಸಹಾಯಕಿ) ಕೆಲಸದಿಂದ. ಕೆಲಸ ಮಾಡೋಕೆ ಅನುಮತಿಯ ಕಾರ್ಡ್ ಇ.ಎ.ಡಿ. ಕೈಗೆ ಬಂದ ಕೂಡಲೇ 160 ಗಂಟೆಯ ಟ್ರೇನಿಂಗ್ ಮುಗಿಸಿ ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡಿದೆ. ಸಂಬಳ ಕಡಿಮೆ, ಬೆನ್ನು ನೋವು ಜಾಸ್ತಿ. ಆದರೆ ಎಂ.ಎಸ್.ಎನ್. ಇಂಟರ್‌ವ್ಯೂನಲ್ಲಿ ನನ್ನ ಬಿ.ಇ. ಮಾರ್ಕ್ಸ್ ಯಾರೂ ಕೇಳಲಿಲ್ಲ, ಕೇಳಿದ್ದೆಲ್ಲ ಆ ರಾತ್ರಿಗಳ ಬಗ್ಗೆಯೇ. ಅರ್ಜಿಯ ಎಸ್ಸೇಯಲ್ಲಿ ಕೋಡಿಂಗನ್ನು ವಾರ್ಡಿಗೆ ಹೇಗೆ ಜೋಡಿಸಿದೆ ಅಂತ ಮಾತ್ರ ಇಲ್ಲಿ ಬರೆಯೋದಿಲ್ಲ. ಈ ವರ್ಷ ನನ್ನ ತಂಗಿ ಅರ್ಜಿ ಹಾಕ್ತಿದ್ದಾಳೆ!

ಯು.ಸಿ.ಎಲ್.ಎ., ಯು.ಸಿ. ಡೇವಿಸ್‌ನಂಥ ಸರ್ಕಾರಿ ಕಡೆಯೂ ಈ ಕೋರ್ಸ್ ಇದೆ, ಸೀಟು ಕಡಿಮೆ. ನನಗೆ ಸಿಕ್ಕಿದ್ದು ಖಾಸಗಿ ಕಾಲೇಜು, ಎರಡು ವರ್ಷಕ್ಕೆ ಒಂದು ಲಕ್ಷ ಡಾಲರ್ ಹತ್ತಿರ. ಎಚ್-4ಗೆ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಇಲ್ಲ. ಮೈಸೂರಿನ ಸೈಟು ಮಾರಿದೆವು, ಮಿಕ್ಕಿದ್ದಕ್ಕೆ ಖಾಸಗಿ ಸಾಲ, ಬಡ್ಡಿ 11 ಪರ್ಸೆಂಟ್ ಆಸುಪಾಸು.

ಇನ್ನೊಂದು ಮಾತು ಸೇರುವ ಮೊದಲೇ ತಿಳಿದಿರಲಿ. ಇಂಥ ಹೆಚ್ಚಿನ ಕೋರ್ಸ್‌ಗಳಲ್ಲಿ ಎಂ.ಎಸ್.ಎನ್. ಬಂದರೂ ನೀವು ನರ್ಸ್ ಪ್ರಾಕ್ಟೀಷನರ್ (ರೋಗ ಪತ್ತೆಹಚ್ಚಿ ಔಷಧಿ ಬರೆದುಕೊಡಬಲ್ಲ ನರ್ಸ್) ಆಗೋದಿಲ್ಲ, ಶುರು ಸ್ಟಾಫ್ ನರ್ಸ್ ಆಗಿಯೇ. ಪ್ರಾಕ್ಟೀಷನರ್ ಆಗೋಕೆ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಬೇರೆ ಮಾಡಬೇಕು. ನಾನಂತೂ ಈ ಸಾಲ ಅರ್ಧ ತೀರಿಸದೆ ಅದರ ಕಡೆ ನೋಡೋದಿಲ್ಲ.